ಒಪ್ಪತ್ತಿನ ದಿನದ ಮಾತ್ರೆ

ನನ್ನ ಗಂಡನಿಗೆ ಡಾಕ್ಟರು ಬರೆದುಕೊಟ್ಟಿದ್ದ ಕೊಲೆಸ್ಟ್ರಾಲ್ ಮಾತ್ರೆಯನ್ನು ತಿಂಗಳಿಗೆ ಹತ್ತು ಹನ್ನೊಂದು ದಿನ ತಪ್ಪಿಸಿದವಳು ನಾನು. ಮರೆವಿನಿಂದ ಆಗಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲವೇನೋ. ಬೇಕೆಂದೇ ತಪ್ಪಿಸಿದೆ, ಅದೂ ದೇವರ ಮುಂದೆ ದೀಪ ಹಚ್ಚಿ, ಅವರ ಎದೆ ಗಟ್ಟಿಯಾಗಿರಲಿ ಎಂದು ಬೇಡಿಕೊಂಡು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವಳು, ಉತ್ತರವನ್ನು ಬಚ್ಚಿಟ್ಟುಕೊಂಡು ಕಥೆ ಹೇಳಲು ನನಗೆ ಬರುವುದಿಲ್ಲ.

ನಮ್ಮದು ಮೂಡಲಪಾಳ್ಯದಲ್ಲಿ ಥರ್ಟಿ ಫಾರ್ಟಿ ಸೈಟಿನ ಮನೆ. ಕೆಳಗೆ ಬಾಡಿಗೆಯವರು, ಮೇಲೆ ನಾವಿಬ್ಬರು. ಅವರು ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದ ಸಣ್ಣದೊಂದು ಕಾರ್ಖಾನೆಗೆ ಟರ್ನರ್ ಆಗಿ ಸೇರಿ, ಅಲ್ಲಿಯೇ ಫೋರ್‌ಮನ್ ಆಗಿ ರಿಟೈರ್ ಆದವರು. ಜೀವಮಾನವಿಡೀ ಲೋಹ ಕಡೆಯುವ ಲೇಥ್ ಯಂತ್ರದ ಸದ್ದಿನಲ್ಲಿ ನಿಂತಿದ್ದಕ್ಕೋ ಏನೋ, ಮಾತು ಕಡಿಮೆ. ಆ ಕೊರತೆಯನ್ನು ನಾನು ಧಾರಾಳವಾಗಿ ತುಂಬುತ್ತಿದ್ದೆ. ಅವರ ಪರವಾಗಿ ತರಕಾರಿಯವನ ಹತ್ತಿರ ಜಗಳ ಆಡುವವಳೂ ನಾನೇ, ಡಾಕ್ಟರು ಅವರಿಗೆ ಕೇಳಿದ ಪ್ರಶ್ನೆಗೆ ಉತ್ತರ ಕೊಡುವವಳೂ ನಾನೇ. ನನ್ನನ್ನು ಅವರು ‘ಮೇಡಂ’ ಎಂದೇ ಕರೆಯುತ್ತಿದ್ದರು. ಮೊದಮೊದಲು ಅದು ತಮಾಷೆ, ಆಮೇಲೆ ಅದೇ ಹೆಸರಾಯಿತು.

ಮೂರು ವರ್ಷದ ಹಿಂದೆ ಕೆಂಗೇರಿಯ ಮಗಳ ಮನೆಗೆಂದು ಹೊರಟಿದ್ದೆವು. ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ನಿನಲ್ಲಿ ಅವತ್ತು ಎಸ್ಕಲೇಟರ್ ಕೆಟ್ಟಿತ್ತು. ಲಿಫ್ಟಿನ ಮುಂದೆ ಜನವೋ ಜನ. ಮೆಟ್ಟಿಲು ಹತ್ತಿಕೊಂಡು ಹೋಗೋಣ ಎಂದವಳು ನಾನು. ಅರ್ಧಕ್ಕೆ ಬಂದಿದ್ದಾಗ ಅವರು ಕಂಬಿ ಹಿಡಿದು ನಿಂತುಬಿಟ್ಟರು.

“ಸ್ವಲ್ಪ ನಿಲ್ಲು ಮೇಡಂ. ಎದೆ ಹಿಡ್ಕೊಂಡ ಹಾಗಾಗ್ತಿದೆ.”

“ನಿನ್ನೆ ವಿಜಯನಗರದಲ್ಲಿ ನಾಲ್ಕು ಬೋಂಡ ತಿಂದ್ರಲ್ಲ, ಅದೇ ಹಿಡ್ಕೊಂಡಿರೋದು” ಎಂದು ನಾನು ರೇಗಿಸಿದೆ. ಅವರು ನಕ್ಕರು, ಆದರೆ ಹಣೆಯ ಮೇಲೆ ಬೆವರು ಮೂಡಿತ್ತು. ಮಗಳ ಮನೆ ತಲುಪಿದ ಮೇಲೆ ಅವಳು ಕಾಫಿಯನ್ನೂ ಕೊಡದೆ ನೇರವಾಗಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಎಲ್ಲ ಪರೀಕ್ಷೆಯೂ ಆಯಿತು. ಹೃದಯದ ರಕ್ತನಾಳವೊಂದು ಅರ್ಧಕ್ಕರ್ಧ ಕಟ್ಟಿಕೊಂಡಿದೆ ಎಂದರು.

ಡಾಕ್ಟರು ನಿಧಾನವಾಗಿ ವಿವರಿಸಿ ಹೇಳಿದರು. “ಈಗ್ಲೇ ಸ್ಟೆಂಟ್ ಬೇಡ. ಮಾತ್ರೆಯಲ್ಲೇ ನೋಡ್ಕೊಳ್ಳೋಣ. ಸ್ಟ್ಯಾಟಿನ್ ಅಂತ ಬರುತ್ತೆ, ರಕ್ತನಾಳದಲ್ಲಿ ಕೊಬ್ಬು ಇನ್ನೂ ಕಟ್ಕೊಳ್ಳದ ಹಾಗೆ ತಡೆಯುತ್ತೆ. ಮಾತ್ರೆ ಮಾತ್ರ ತಪ್ಪಿಸ್ಬೇಡಿ.”

ನನ್ನ ಗಂಡ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: “ನಾನಿದೀನಲ್ಲ ಸಾರ್.”

ರಕ್ತ ತೆಳು ಮಾಡುವ ಮಾತ್ರೆ ಮಧ್ಯಾಹ್ನ, ಕೊಲೆಸ್ಟ್ರಾಲ್ ಮಾತ್ರೆ ರಾತ್ರಿ. ನಮ್ಮ ರಸ್ತೆಯ ಮೂಲೆಯಲ್ಲಿರುವ ಮೆಡಿಕಲ್ ಸ್ಟೋರಿನ ಹೆಂಗಸು ಕವರಿನ ಮೇಲೆ ದುಂಡಗೆ ಬರೆದುಕೊಟ್ಟಳು: ರಾತ್ರಿ ಊಟ ಆದ ಮೇಲೆ ಒಂದು. ಮನೆಗೆ ಬಂದವಳೇ ಊಟದ ಟೇಬಲ್ಲಿನಿಂದ ಉಪ್ಪಿನಕಾಯಿ ಜಾಡಿಯನ್ನು ಎತ್ತಿ ಅಟ್ಟಕ್ಕೆ ಹಾಕಿದೆ. ಒಂದು ಸಣ್ಣ ಸ್ಟೀಲ್ ಡಬ್ಬಿಗೆ ಮಾತ್ರೆಯ ಶೀಟುಗಳನ್ನು ತುಂಬಿದೆ. ದಿನಾ ರಾತ್ರಿ ಎಂಟಕ್ಕೆ ಊಟ. ಬಡಿಸುವಾಗಲೇ ಒಂದು ಮಾತ್ರೆಯನ್ನು ಬಿಡಿಸಿ, ಡಬ್ಬಿಯ ಮುಚ್ಚಳದಲ್ಲಿ ಹಾಕಿ, ಅವರ ತಟ್ಟೆಯ ಎಡಗಡೆಗೆ ಇಡುತ್ತಿದ್ದೆ.

“ಉಪ್ಪಿನಕಾಯಿ ಜಾಗಕ್ಕೆ ಇದು ಬಂತಾ?” ಎಂದರು ಮೊದಲ ದಿನ.

“ಹೂಂ. ನೆಂಚ್ಕೊಂಡು ತಿನ್ನಿ” ಎಂದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಅವರು ಇವತ್ತು ಇರುತ್ತಿದ್ದರೋ ಏನೋ. ನಾನು ನಿಲ್ಲಿಸುವವಳಲ್ಲ. ಯಾವ ಕೆಲಸ ಹಿಡಿದರೂ ನೂರಕ್ಕೆ ನೂರು ಆಗಬೇಕು, ಅದರ ಮೇಲೆ ಐದು ಅಂಕ ಬೋನಸ್ಸೂ ಬೇಕು. ಆಸ್ಪತ್ರೆಯಿಂದ ಬಂದ ಸಂಜೆಯೇ ದೇವರ ಮನೆಯಲ್ಲಿ ಕೂತು ಹರಕೆ ಹೊತ್ತೆ: ಇವರ ಹೃದಯ ನೆಟ್ಟಗಿದ್ದರೆ ಸಾಕು, ಶನಿವಾರ, ಏಕಾದಶಿ, ಸಂಕಷ್ಟಿ, ಇಷ್ಟು ದಿನ ಇಬ್ಬರೂ ಒಪ್ಪತ್ತು ಇರುತ್ತೇವೆ. ಅವರನ್ನು ಒಂದು ಮಾತೂ ಕೇಳಲಿಲ್ಲ. ಹೇಳಿದಾಗ ಅವರು, “ನಿನ್ನ ದೇವರಿಗೆ ನನ್ನ ಹೊಟ್ಟೆ ಮೇಲೆ ಯಾಕೆ ಕಣ್ಣು?” ಎಂದು ನಕ್ಕು ಒಪ್ಪಿಕೊಂಡರು.

ಒಪ್ಪತ್ತೆಂದರೆ ನಮ್ಮಲ್ಲಿ ಮಧ್ಯಾಹ್ನ ಒಂದೇ ಹೊತ್ತು ಊಟ. ರಾತ್ರಿ ಅನ್ನ ಮುಟ್ಟುವ ಹಾಗಿಲ್ಲ. ಅವಲಕ್ಕಿಯೋ ಉಪ್ಪಿಟ್ಟೋ ಒಂದಿಷ್ಟು, ಜೊತೆಗೆ ಬಾಳೆಹಣ್ಣು. ಅನ್ನ ಉಂಡರೆ ಮಾತ್ರ ನಮಗೆ ಅದು ಊಟ. ತಟ್ಟೆ ತುಂಬ ಉಪ್ಪಿಟ್ಟು ತಿಂದರೂ ಅದು ತಿಂಡಿಯೇ, ಊಟವಲ್ಲ. ಮೊದಲ ಶನಿವಾರ ರಾತ್ರಿ ಉಪ್ಪಿಟ್ಟು ಬಡಿಸಿ, ಅಭ್ಯಾಸದಂತೆ ಮಾತ್ರೆ ಡಬ್ಬಿಗೆ ಕೈ ಹಾಕಿದವಳು ಹಾಗೇ ನಿಂತೆ. ಊಟ ಆದ ಮೇಲೆ ಎಂದಿದ್ದಾರೆ. ಇವತ್ತು ಊಟವೇ ಇಲ್ಲ. ಅರೆಹೊಟ್ಟೆಗೆ ಮಾತ್ರೆ ಬಿದ್ದರೆ ಹೊಟ್ಟೆ ಉರಿಯುತ್ತದೆ ಎಂದು ನಮ್ಮಮ್ಮ ಸಾಯುವ ತನಕ ಹೇಳುತ್ತಿದ್ದಳು. ಅದೂ ಅಲ್ಲದೆ, ಎಣ್ಣೆ ಜಿಡ್ಡು ಅಷ್ಟಾಗಿ ಒಳಗೆ ಹೋಗದ ದಿನ ಕೊಬ್ಬು ಎಲ್ಲಿಂದ ಬರಬೇಕು, ಮಾತ್ರೆ ಕರಗಿಸುವುದಾದರೂ ಏನನ್ನು? ಇಷ್ಟು ಲೆಕ್ಕವನ್ನು ನಿಂತಲ್ಲೇ ಹಾಕಿ, ಉತ್ತರದ ಕೆಳಗೆ ಎರಡು ಗೆರೆಯನ್ನೂ ಎಳೆದು ಡಬ್ಬಿ ಮುಚ್ಚಿದೆ.

“ಇವತ್ತು ಮಾತ್ರೆ ಇಲ್ವೇನೇ?” ಎಂದರು ಅವರು.

“ಒಪ್ಪತ್ತಿನ ದಿನ ಮಾತ್ರೆ ಯಾಕ್ರೀ? ಖಾಲಿ ಹೊಟ್ಟೇಲಿ ತಗೊಂಡು ಇನ್ನೊಂದು ಕಾಯಿಲೆ ಬರಿಸ್ಕೋತೀರಾ?”

ಅವರು ಸ್ವಲ್ಪ ಹೊತ್ತು ಉಪ್ಪಿಟ್ಟಿನಲ್ಲಿ ಚಮಚ ಆಡಿಸಿದರು. “ಅಲ್ಲ ಕಣೇ, ಮೆಷೀನಿಗೆ ದಿನಾ ಎಣ್ಣೆ ಬಿಡ್ತಾ ಇದ್ವಿ. ಇವತ್ತು ಲೋಡ್ ಕಡಿಮೆ ಅಂತ ಬಿಡ್ತಿರಲಿಲ್ಲ.”

“ನೀವೇನು ಮೆಷೀನಾ? ಸುಮ್ನೆ ತಿನ್ನಿ.”

ಸುಮ್ಮನೆ ತಿಂದರು. ಆಮೇಲೆ ಇನ್ನೂ ಎರಡು ಶನಿವಾರ ಅದೇ ಮಾತು ಕೇಳಿದರು. ಎರಡೂ ಸಲ ಬಾಯಿ ಮುಚ್ಚಿಸಿದೆ. ನಾಲ್ಕನೆಯ ಶನಿವಾರದಿಂದ ಕೇಳುವುದನ್ನೇ ಬಿಟ್ಟರು. ನಾನು ಗೆದ್ದೆ ಎಂದುಕೊಂಡೆ.

ಅವತ್ತೇ ಯಾರನ್ನಾದರೂ ಕೇಳಬಹುದಿತ್ತು. ಡಾಕ್ಟರ ನಂಬರ್ ಫ್ರಿಜ್ಜಿನ ಮೇಲೆ ಅಂಟಿಸಿಯೇ ಇತ್ತು. ಮೆಡಿಕಲ್ ಸ್ಟೋರಿನ ಹೆಂಗಸಂತೂ ತಾನಾಗಿಯೇ ಬಾಯಿ ಬಿಟ್ಟು ಕೇಳಿದ್ದಳು.

“ಆಂಟಿ, ಮೂವತ್ತು ಮಾತ್ರೆ ತಗೊಂಡ್ ಹೋಗ್ತೀರ, ಒಂದೂವರೆ ತಿಂಗಳಾದ್ಮೇಲೆ ಬರ್ತೀರಲ್ಲ? ಬೇರೆ ಕಡೆನೂ ತಗೋತೀರಾ?”

“ಇಲ್ಲಮ್ಮ. ನಮ್ಮನೇಲಿ ಪಥ್ಯ ಅಷ್ಟು ಚೆನ್ನಾಗಿ ಮಾಡ್ತೀವಿ. ಅಷ್ಟೇ ಸಾಕಾಗುತ್ತೆ” ಎಂದು ಬೀಗಿದೆ. ಅವಳು ಇನ್ನೇನೋ ಹೇಳಲು ಹೊರಟಳು. ಅಷ್ಟರಲ್ಲಿ ಯಾರೋ ಬಂದು ಕೆಮ್ಮಿನ ಔಷಧಿ ಕೇಳಿದರು, ನಾನು ಚೀಲ ಎತ್ತಿಕೊಂಡು ಹೊರಟೆ. ಒಂದು ನಿಮಿಷ ನಿಂತಿದ್ದರೆ ಆಗುತ್ತಿತ್ತು.

ಎಲ್ಲಕ್ಕಿಂತ ಮರೆಯಲಾಗದ್ದು ರಕ್ತಪರೀಕ್ಷೆಯ ವಿಷಯ. ಆರು ತಿಂಗಳಾದ ಮೇಲೆ ರಿಪೋರ್ಟ್ ಬಂದಾಗ ಕೊಲೆಸ್ಟ್ರಾಲ್ ಇಳಿದಿತ್ತು, ಆದರೆ ಇಳಿಯಬೇಕಾದಷ್ಟು ಇಳಿದಿರಲಿಲ್ಲ. “ಮಾತ್ರೆ ಸರಿಯಾಗಿ ತಗೋತಿದ್ದಾರಾ?” ಎಂದು ಡಾಕ್ಟರು ನನ್ನನ್ನೇ ಕೇಳಿದರು. “ತಪ್ಪದೆ ಸಾರ್” ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂಬ ಅನುಮಾನ ನನಗೇ ಇರಲಿಲ್ಲ. ಊಟ ಮಾಡಿದ ಒಂದು ದಿನವೂ ತಪ್ಪಿಸಿರಲಿಲ್ಲವಲ್ಲ. ಡಾಕ್ಟರು ಮಾತ್ರೆಯ ಪವರ್ ಜಾಸ್ತಿ ಮಾಡಿ ಬರೆದುಕೊಟ್ಟರು. ಪಕ್ಕದಲ್ಲಿ ಕೂತ ನನ್ನ ಯಜಮಾನರು ಗೋಡೆಯ ಮೇಲಿನ ಹೃದಯದ ಚಿತ್ರ ನೋಡುತ್ತಿದ್ದರು.

ಮನೆಗೆ ಬಂದು ನಾನು ಮಾಡಿದ್ದೇನು? ನನ್ನ ಭಕ್ತಿಯಲ್ಲಿ ಏನೋ ಕಡಿಮೆ ಬಿದ್ದಿದೆ ಎಂದುಕೊಂಡು ಸೋಮವಾರವನ್ನೂ ಒಪ್ಪತ್ತಿಗೆ ಸೇರಿಸಿದೆ. ತಿಂಗಳಿಗೆ ನಾಲ್ಕು ಶನಿವಾರ, ನಾಲ್ಕು ಸೋಮವಾರ, ಎರಡು ಏಕಾದಶಿ, ಒಂದು ಸಂಕಷ್ಟಿ. ಡಾಕ್ಟರು ಪವರ್ ಹೆಚ್ಚಿಸಿದ ಮಾತ್ರೆಯನ್ನು ನಾನು ಇತ್ತ ಕಡಿಮೆ ಮಾಡುತ್ತಾ ಹೋದೆ. ಪಾರ್ಕಿನಲ್ಲಿ ವಾಕಿಂಗ್ ಬರುವ ಹೆಂಗಸರು, “ಗಂಡನ್ನ ನೋಡ್ಕೊಳೋದು ಅಂದ್ರೆ ನಿಮ್ಮನ್ನ ನೋಡಿ ಕಲೀಬೇಕು” ಎನ್ನುತ್ತಿದ್ದರು. ನಾನೂ ಅವರಿಗೆಲ್ಲ ಪಾಠ ಹೇಳುತ್ತಿದ್ದೆ. ಯಾರಾದರೂ ನನ್ನ ಮಾತು ಕೇಳಿ ಮಾತ್ರೆ ಬಿಟ್ಟರೋ ಏನೋ ಎಂಬ ಹೆದರಿಕೆ ಈಗ ಬೇರೆ.

ಹತ್ತು ತಿಂಗಳ ಹಿಂದೆ, ಒಂದು ಶನಿವಾರ ಬೆಳಿಗ್ಗೆ. ನನ್ನ ಭುಜ ನೋಯುತ್ತಿತ್ತು ಎಂದು ಅವರೇ ತುರಿಯುವ ಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದರು. ಅವರು ಕಾಯಿ ತುರಿದರೆ ಚಿಪ್ಪಿನಲ್ಲಿ ಒಂದು ಎಳೆ ಬಿಳಿಯೂ ಉಳಿಯುತ್ತಿರಲಿಲ್ಲ, ಲೇಥ್ ಹಿಡಿದ ಕೈ ಅದು. ಒಂದು ಹೋಳು ಮುಗಿಸಿ ಎರಡನೆಯದನ್ನು ಕೈಗೆತ್ತಿಕೊಂಡವರು, “ಮೇಡಂ, ಅವತ್ತು ಮೆಟ್ಟಿಲ ಮೇಲೆ ಆಯ್ತಲ್ಲ, ಅದೇ ಥರ ಆಗ್ತಿದೆ” ಎಂದರು. ದನಿ ಎತ್ತಲಿಲ್ಲ. ಹೋಳನ್ನು ತಟ್ಟೆಯಲ್ಲಿ ಇಟ್ಟು, ಕೈಯನ್ನು ಪಂಚೆಗೆ ಒರೆಸಿಕೊಂಡು, ಗೋಡೆಗೆ ಒರಗಿದರು.

ಕೆಳಗಿನ ಮನೆಯವರು ಬಿಜಾಪುರದ ಕಡೆಯವರು. ಗಂಡ ಹೆಂಡತಿ ಇಬ್ಬರೂ ಓಡಿ ಬಂದು, ಕುರ್ಚಿಯಲ್ಲಿ ಕೂರಿಸಿ, ಮೆಟ್ಟಿಲಿಳಿಸಿ, ಅವರದೇ ಕಾರಿನಲ್ಲಿ ಆಸ್ಪತ್ರೆಗೆ ಮುಟ್ಟಿಸಿದರು. ಆಸ್ಪತ್ರೆಯಲ್ಲಿ ಒಂದು ಗಳಿಗೆಯನ್ನೂ ಹಾಳು ಮಾಡಲಿಲ್ಲ, ಕಟ್ಟಿಕೊಂಡ ರಕ್ತನಾಳ ಬಿಡಿಸಿ ಸ್ಟೆಂಟ್ ಹಾಕಿದರು. ಸಂಜೆ ಹೊತ್ತಿಗೆ ಮಗಳು ಬಂದು ನನ್ನ ಕೈ ಹಿಡಿದು ಕೂತಿದ್ದಳು. ಗಂಡಾಂತರ ಕಳೆಯಿತು ಎಂದೇ ಅಂದುಕೊಂಡೆವು.

ಭಾನುವಾರ ಬೆಳಿಗ್ಗೆ ಐಸಿಯುವಿನ ಒಳಗೆ ಒಬ್ಬರನ್ನು ಬಿಟ್ಟರು. ನಾನು ಹೋದೆ. ಮಂಚದ ಪಕ್ಕ ಡಾಕ್ಟರು ಫೈಲ್ ಹಿಡಿದು ನಿಂತಿದ್ದರು. ಹಳೆಯ ಡಾಕ್ಟರಲ್ಲ, ಇವರು ಬೇರೆ, ಚಿಕ್ಕ ವಯಸ್ಸಿನವರು.

“ಕೊಲೆಸ್ಟ್ರಾಲ್ ಮಾತ್ರೆ ರೆಗ್ಯುಲರಾಗಿ ತಗೋತಿದ್ರಾ ಸಾರ್?” ಎಂದು ನನ್ನ ಗಂಡನನ್ನು ಕೇಳಿದರು.

ಅವರು ನನ್ನ ಮುಖ ನೋಡಿದರು. ಆಮೇಲೆ ಡಾಕ್ಟರ ಕಡೆ ತಿರುಗಿ, “ದಿನಾ ತಗೋತಿದ್ದೆ ಸಾರ್. ಇವಳು ಒಂದು ದಿನಾನೂ ತಪ್ಪಿಸಿಲ್ಲ” ಎಂದರು.

ಮದುವೆಯಾದ ಮೂವತ್ತೇಳು ವರ್ಷದಲ್ಲಿ ಅವರು ಸುಳ್ಳು ಹೇಳಿದ್ದು ನಾನು ಕೇಳಿರಲಿಲ್ಲ. ಯಾಕೆ ಹೇಳುತ್ತಿದ್ದಾರೆ ಎಂಬುದೂ ನನ್ನ ತಲೆಗೆ ಹೊಳೆಯಲಿಲ್ಲ. ತಪ್ಪು ಕಂಡಲ್ಲಿ ಕೆಂಪು ಪೆನ್ನು ಹಾಕಿಯೇ ಅಭ್ಯಾಸವಾದವಳು ನಾನು, ತಿದ್ದಿದೆ. “ಒಪ್ಪತ್ತಿನ ದಿನ ಬಿಟ್ಟು ಸಾರ್. ಶನಿವಾರ, ಸೋಮವಾರ, ಏಕಾದಶಿ, ಸಂಕಷ್ಟಿ. ಅವತ್ತು ರಾತ್ರಿ ಊಟ ಇರಲ್ಲ, ಅದಕ್ಕೆ ಮಾತ್ರೆ ಕೊಡ್ತಿರಲಿಲ್ಲ.”

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು.

“ಅಮ್ಮ, ಅದು ಅವತ್ತು ತಿಂದ ಎಣ್ಣೆ ಕರಗಿಸೋ ಮಾತ್ರೆ ಅಲ್ಲ. ಉಪವಾಸ ಇದ್ರೂ ನಮ್ಮ ಲಿವರ್ ಕೊಲೆಸ್ಟ್ರಾಲ್ ಮಾಡ್ತಾನೇ ಇರುತ್ತೆ. ಅದನ್ನ ದಿನಾ ತಡೀಬೇಕು. ಊಟ ಆಗಿದ್ರೂ ತಗೋಬಹುದು, ಆಗದಿದ್ರೂ ತಗೋಬಹುದು.” ಬೈಯಲಿಲ್ಲ ಅವರು. ಮಗುವಿಗೆ ಹೇಳುವ ಹಾಗೆ ಹೇಳಿದರು. ಬೈದಿದ್ದರೆ ಎದುರು ಮಾತಾಡಿ ಹಗುರವಾಗುತ್ತಿದ್ದೆನೇನೋ.

“ಹೋಗ್ಲಿ ಬಿಡಿ ಸಾರ್” ಎಂದರು ನನ್ನ ಯಜಮಾನರು. “ಅವಳಿಗೇನೂ ಹೇಳ್ಬೇಡಿ.”

ಡಾಕ್ಟರು ಮುಂದಿನ ಮಂಚಕ್ಕೆ ಹೋದರು. ನಾನು ಕಂಬಿ ಹಿಡಿದು ನಿಂತೇ ಇದ್ದೆ.

“ನಿಮಗೆ ಗೊತ್ತಿತ್ತೇನ್ರೀ?”

“ಅನುಮಾನ ಇತ್ತು.”

“ಮತ್ತೆ ಜಗಳ ಆಡಿ ತಗೋಬಾರ್ದಿತ್ತಾ? ಡಬ್ಬಿ ಅಲ್ಲೇ ಇರ್ತಿತ್ತಲ್ಲ!”

ಅವರು ನನ್ನ ಕಡೆ ಮುಖ ತಿರುಗಿಸಿದರು. “ನೀನೂ ನನ್ ಜೊತೆ ಹಸ್ಕೊಂಡು ಕೂತಿರ್ತಿದ್ದೆ. ನಂಗೋಸ್ಕರ. ಅದರ ಮುಂದೆ ಡಬ್ಬಿಗೆ ಕೈ ಹಾಕೋಕೆ ಮನಸ್ಸು ಬರ್ಲಿಲ್ಲ ಕಣೇ.”

ನಾನು ಅಲ್ಲಿಯೇ ಅತ್ತುಬಿಟ್ಟೆ. ನರ್ಸ್ ಬಂದು, “ಆಂಟಿ, ಪೇಷೆಂಟ್ ಮುಂದೆ ಅಳ್ಬಾರ್ದು” ಎಂದಳು. ಅವರು ಸೂಜಿ ಚುಚ್ಚಿದ್ದ ಕೈಯನ್ನೇ ಎತ್ತಿ ನನ್ನ ಬೆರಳು ಹಿಡಿದು, “ಮನೆಗೆ ಬಂದ್ಮೇಲೆ ಶನಿವಾರದ್ದೂ ಕೊಡು, ಆಯ್ತಾ?” ಎಂದರು. “ದಿನಾ ಕೊಡ್ತೀನಿ” ಎಂದೆ. “ಉಪ್ಪಿನಕಾಯಿ?” ಎಂದರು. ಅಳುವಿನ ನಡುವೆಯೇ ನಗು ಬಂತು. “ಅದನ್ನೂ ಅಟ್ಟದಿಂದ ಇಳಿಸ್ತೀನಿ” ಎಂದೆ. ಅದೇ ನಮ್ಮ ಕೊನೆಯ ಮಾತು.

ಸೋಮವಾರ ಬೆಳಿಗ್ಗೆ ಏಳೂಕಾಲಿಗೆ ಹೃದಯ ಮತ್ತೆ ಕೈಕೊಟ್ಟಿತು. ಅವತ್ತೂ ಒಪ್ಪತ್ತಿನ ದಿನವೇ. ಹರಕೆ ಮುರಿಯಬಾರದೆಂದು ನಾನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಮಗಳು ತಂದಿಟ್ಟ ಇಡ್ಲಿಯನ್ನು ಮುಟ್ಟದೆ ಕೂತಿದ್ದೆ.

ಹನ್ನೊಂದನೆಯ ದಿನ ಕಳೆದ ಮೇಲೆ ಮಗಳಿಗೆ ಎಲ್ಲವನ್ನೂ ಹೇಳಿದೆ. “ನಂಗೊಂದು ಫೋನ್ ಮಾಡಿ ಕೇಳ್ಬಾರ್ದಿತ್ತಾ ಅಮ್ಮ?” ಎಂದಳು. ಅಷ್ಟೇ. ಅವಳು ಆ ಡಾಕ್ಟರನ್ನು ಹೋಗಿ ಕಂಡೂ ಬಂದಳು. “ಅದ್ರಿಂದ್ಲೇ ಆಯ್ತು ಅಂತ ಯಾರೂ ಹೇಳಕ್ಕಾಗಲ್ವಂತೆ. ದಿನಾ ತಗೊಂಡೋರಿಗೂ ಒಂದೊಂದ್ಸಲ ಆಗುತ್ತಂತೆ” ಎಂದಳು. ನನ್ನನ್ನು ಸಮಾಧಾನ ಮಾಡಲು ಹೇಳಿದಳೋ, ಅವರು ನಿಜಕ್ಕೂ ಹಾಗೆ ಹೇಳಿದರೋ, ನಾನು ಕೇಳಲಿಲ್ಲ. ಇರಬಹುದು. ಆದರೆ ಕೊಟ್ಟಿದ್ದೂ ಉಳಿಯಲಿಲ್ಲ ಎನ್ನುವುದು ಒಂದು ದುಃಖ, ಕೊಡಲೇ ಇಲ್ಲ ಎನ್ನುವುದು ಬೇರೆ ದುಃಖ. ನನ್ನ ಪಾಲಿಗೆ ಎರಡನೆಯದು ಬಂದಿದೆ. ಪುಸ್ತಕದ ಹಿಂದೆ ಉತ್ತರ ಇಲ್ಲದ ಲೆಕ್ಕವನ್ನು ನಾನು ಮಕ್ಕಳಿಗೆ ಎಂದೂ ಕೊಟ್ಟವಳಲ್ಲ. ಈಗ ನನಗೇ ಅಂಥದ್ದೊಂದು ಸಿಕ್ಕಿದೆ, ಪ್ರತಿ ದಿನವೂ ಮಾಡುತ್ತೇನೆ.

ದೇವರ ಮೇಲೆ ಕೋಪ ಬಂತೇ ಎಂದು ಪಾರ್ಕಿನ ಒಬ್ಬಾಕೆ ಕೇಳಿದಳು. ದೇವರು ಮಾತ್ರೆ ಬಿಡು ಎಂದು ನನಗೆ ಯಾವಾಗ ಹೇಳಿದ್ದ? ಕೋಪ ನನ್ನ ಮೇಲೆಯೇ. ಎಲ್ಲ ಗೊತ್ತು ಎನ್ನುವ ಈ ನನ್ನ ಬಾಯಿಯ ಮೇಲೆ. ಆಗಾಗ, ಮೂರೇ ಸಲಕ್ಕೆ ಸುಮ್ಮನಾದ ಅವರ ಮೇಲೂ ಕೋಪ ಉಕ್ಕಿ ಬರುತ್ತದೆ. ನಾಲ್ಕನೆಯ ಸಲ ಕೇಳಬಾರದಿತ್ತೇ? ಹೆಂಡತಿ ಮುಖ ಊದಿಸಿಕೊಳ್ಳುತ್ತಾಳೆಂದು ಯಾರಾದರೂ ಪ್ರಾಣ ಕೊಡುತ್ತಾರೆಯೇ? ಹೀಗೆ ಬೈಯುತ್ತ ಬೈಯುತ್ತ ಕಣ್ಣೀರು ಬರುತ್ತದೆ, ಬೈಯುವುದು ಅಲ್ಲಿಗೆ ನಿಲ್ಲುತ್ತದೆ.

ಎರಡು ತಿಂಗಳ ಹಿಂದೆ ಮಗಳು ಹಟ ಹಿಡಿದು ನನಗೂ ರಕ್ತಪರೀಕ್ಷೆ ಮಾಡಿಸಿದಳು. ನನಗೂ ಕೊಲೆಸ್ಟ್ರಾಲ್ ಇದೆ, ಶುಗರ್ ಕೂಡ ಶುರುವಾಗಿದೆ. ಡಾಕ್ಟರು ಬರೆದುಕೊಟ್ಟದ್ದು ಅದೇ ಮಾತ್ರೆ. ಬಣ್ಣವೂ ಅದೇ. ಬೇಡ ಎನ್ನುವ ಆಸೆ ಮನಸ್ಸಿನ ಮೂಲೆಯಲ್ಲಿ ಇತ್ತು, ಸುಳ್ಳು ಯಾಕೆ ಹೇಳಲಿ. ಅವರಿಗೆ ಸಿಗದ್ದು ನನಗೆ ಯಾಕೆ ಎನಿಸಿತ್ತು. ಆದರೆ ಮೆಡಿಕಲ್ ಸ್ಟೋರಿನಲ್ಲಿ ಮಗಳು ಶೀಟನ್ನು ನನ್ನ ಕೈಗೆ ಕೊಟ್ಟು, “ಅಮ್ಮ, ಊಟ ಮಾಡಿದ್ರೂ, ಮಾಡದಿದ್ರೂ. ಹೇಳು ನೋಡೋಣ” ಎಂದಳು. ಹೋಂವರ್ಕ್ ಒಪ್ಪಿಸುವ ಹುಡುಗಿಯ ಹಾಗೆ ನಾನು ಹೇಳಿದೆ: “ಊಟ ಮಾಡಿದ್ರೂ, ಮಾಡದಿದ್ರೂ.” ಕೌಂಟರಿನ ಆ ಕಡೆ ಅದೇ ಹೆಂಗಸು ತಲೆ ತಗ್ಗಿಸಿ ಬಿಲ್ ಮಾಡುತ್ತಿದ್ದಳು. ಈ ಸಲ ಸರಿಯಾಗಿ ಮೂವತ್ತನೆಯ ದಿನಕ್ಕೆ ಹೋಗಿ ಅವಳ ಮುಂದೆ ನಿಂತೆ. ಅವಳು ಏನೂ ಕೇಳಲಿಲ್ಲ.

ಹರಕೆಗಳನ್ನೆಲ್ಲ ಬಿಟ್ಟಿದ್ದೇನೆ. ಆದರೂ ಶನಿವಾರ ರಾತ್ರಿ ಅನ್ನ ಮಾಡಲು ಮನಸ್ಸಾಗುವುದಿಲ್ಲ. ಕಳೆದ ಶನಿವಾರ ಒಂದು ಹಿಡಿ ರವೆ ಹುರಿದು ಉಪ್ಪಿಟ್ಟು ಮಾಡಿಕೊಂಡು ಟೇಬಲ್ಲಿಗೆ ಬಂದೆ. ಡಬ್ಬಿ ತೆರೆದು, ಮಾತ್ರೆ ಬಿಡಿಸಿ, ಮುಚ್ಚಳದಲ್ಲಿ ಹಾಕಿ ಟೇಬಲ್ಲಿನ ಮೇಲಿಟ್ಟೆ. ಕೂತ ಮೇಲೆ ನೋಡುತ್ತೇನೆ, ಮುಚ್ಚಳ ನನ್ನ ತಟ್ಟೆಯ ಪಕ್ಕದಲ್ಲಿಲ್ಲ. ಎದುರಿನ ಕುರ್ಚಿಯ ಮುಂದೆ, ಎಡಗಡೆಗೆ, ಅವರ ಜಾಗದಲ್ಲಿ ಇಟ್ಟಿದ್ದೇನೆ. ಕೈಗೆ ಇನ್ನೂ ಹಳೆಯ ಅಭ್ಯಾಸ.

ಇವತ್ತು ಮಾತ್ರೆ ಇಲ್ವೇನೇ ಎಂದು ಅವರು ಕೇಳಿದ್ದು ಮೂರೇ ಮೂರು ಸಲ. ಆ ಮೂರು ಸಲವೂ ನಾನು ಕೊಡಬೇಕಾಗಿದ್ದ ಉತ್ತರವನ್ನು ಖಾಲಿ ಕುರ್ಚಿಗೆ ಕೊಟ್ಟೆ.

“ಇದೆ ರೀ. ತಗೊಳ್ಳಿ.”

ಉಪ್ಪಿಟ್ಟು ಆರುವ ತನಕ ಹಾಗೇ ಕೂತಿದ್ದೆ. ಆಮೇಲೆ ಕೈ ಚಾಚಿ ಮುಚ್ಚಳವನ್ನು ನನ್ನ ಕಡೆಗೆ ಎಳೆದುಕೊಂಡು, ಮಾತ್ರೆ ನುಂಗಿ ನೀರು ಕುಡಿದೆ.